ಡಾಫ್ನೆ ಮರವಾಗುವ ಗಳಿಗೆ

ಪ್ರೀತಿಯ ತಂಗಿಗೆ,

ಗ್ರೀಕ್ ಪುರಾಣದ ಡಾಫ್ನೆ, ಅಪೋಲೋ ದೇವರು ಬೆನ್ನಟ್ಟಿದಾಗ ಓಡಿ ಕೊನೆಗೆ ಮರವಾದ ಹುಡುಗಿ, ಅವಳ ಮೇಲೆ ನೀನು ಬರೆದ ಕಥೆ ಓದಿದೆ. ಕಾಡಿನ ಓಟ ಸೊಗಸಾಗಿ ಬಂದಿದೆ. ಆದರೆ ಅವಳು ಮರವಾಗುವುದು ಒಂದೇ ವಾಕ್ಯದಲ್ಲಿ ಮುಗಿದುಹೋಗಿದೆ, ಅಪೋಲೋನ ವಿರಹ ಮಾತ್ರ ಪುಟಗಟ್ಟಲೆ.

ರೋಮನ್ ಕವಿ ಓವಿಡ್‌ನ ‘ಮೆಟಮಾರ್ಫಸೀಸ್’ ಮತ್ತೆ ತೆಗೆ. ಕ್ರಿ.ಶ. 8ರ ಸುಮಾರಿಗೆ ಮುಗಿದ, 15 ಭಾಗಗಳ ಕಾವ್ಯ. ಈ ಕಥೆ ಮೊದಲ ಭಾಗದಲ್ಲೇ ಇದೆ. ಮೊದಲು ಅವಳ ಕೈಕಾಲಿಗೆ ಜೋಮು ಹಿಡಿಯುತ್ತದೆ. ಎದೆಯ ಸುತ್ತ ತೆಳ್ಳಗೆ ತೊಗಟೆ ಹಬ್ಬುತ್ತದೆ. ಕೂದಲು ಎಲೆ, ತೋಳು ಕೊಂಬೆ. ಅಷ್ಟು ಹೊತ್ತು ಓಡಿದ ಪಾದ ಬೇರಿಳಿಸಿ ನಿಲ್ಲುತ್ತದೆ. ಅಪೋಲೋ ಕಾಂಡದ ಮೇಲೆ ಕೈಯಿಟ್ಟರೆ ಒಳಗೆ ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ. ಮುತ್ತಿಡಲು ಹೋದರೆ ಮರವೂ ಹಿಂಜರಿಯುತ್ತದೆ. ಮೈ ಬದಲಾದರೂ ಅವಳ ‘ಒಲ್ಲೆ’ ಬದಲಾಗಲಿಲ್ಲ. ರೂಪಾಂತರ ಬರೆಯುವವರು ಹುಡುಕಬೇಕಾದದ್ದು ಹಾಗೆ ಉಳಿದುಕೊಳ್ಳುವುದನ್ನು.

ನೀನು ಇದನ್ನು ಶಾಪ ಎಂದಿದ್ದೀಯ. ಅಹಲ್ಯೆಯ ಕಥೆ ಕೇಳಿ ಬೆಳೆದ ನಮಗೆ ಹಾಗೆನ್ನಿಸುವುದು ಸಹಜ. ಆದರೆ ಇಲ್ಲಿ ಶಪಿಸಿದವರು ಯಾರೂ ಇಲ್ಲ. ಈ ರೂಪವನ್ನು ತೆಗೆದುಬಿಡು ಎಂದು ತಂದೆ, ನದಿದೇವತೆ ಪೆನಿಯಸ್‌ನನ್ನು ಬೇಡಿಕೊಂಡವಳು ಅವಳೇ. ಪ್ರೇಮಕಥೆ ಎಂದು ಕರೆಯುವುದಕ್ಕೂ ನನಗೆ ಮನಸ್ಸಿಲ್ಲ. ಹೆಬ್ಬಾವು ಪೈಥಾನನ್ನು ಕೊಂದ ಗರ್ವದಲ್ಲಿ ಅಪೋಲೋ ಪ್ರೇಮದೇವತೆ ಕ್ಯುಪಿಡ್‌ನ ಬಿಲ್ಲನ್ನು ಹಂಗಿಸಿದ. ಆ ಹುಡುಗ ಇವನಿಗೆ ಒಲವು ಹುಟ್ಟಿಸುವ ಚಿನ್ನದ ಬಾಣ ಬಿಟ್ಟ, ಅವಳಿಗೆ ಒಲವನ್ನು ಓಡಿಸುವ ಸೀಸದ್ದು. ಆ ಜಗಳದಲ್ಲಿ ಅವಳಿಗೇನು ಪಾಲು? ಕೊನೆಗೆ ಅಪೋಲೋ ‘ಇನ್ನು ನೀನು ನನ್ನ ಮರ’ ಎಂದಾಗ ಲಾರೆಲ್ ಮರ ತಲೆಯಾಡಿಸಿದಂತೆ ಕಂಡಿತು ಎಂದಷ್ಟೇ ಕವಿ ಹೇಳುತ್ತಾನೆ. ನೀನು ‘ಒಪ್ಪಿದಳು’ ಎಂದು ಬರೆದುಬಿಟ್ಟೆ. ಅದನ್ನು ಹೊಡೆದುಹಾಕು.

ಒಲವೇ ಬೇಕಿದ್ದರೆ ಎಂಟನೆಯ ಭಾಗಕ್ಕೆ ಹೋಗು, ಫ್ರಿಜಿಯಾದ ಮುದಿ ದಂಪತಿ ಬಾಸಿಸ್, ಫಿಲೆಮಾನ್ ಹತ್ತಿರ. ವೇಷ ಮರೆಸಿ ಬಂದ ದೇವತೆಗಳಾದ ಜೂಪಿಟರ್, ಮರ್ಕ್ಯುರಿಗೆ ಬಾಗಿಲು ತೆರೆದದ್ದು ಇವರದೊಂದೇ ಮನೆ. ಮೇಜಿನ ಒಂದು ಕಾಲು ಗಿಡ್ಡ. ಅಜ್ಜಿ ಅದರಡಿಗೆ ಮಡಕೆಚೂರು ಕೊಡುತ್ತಾಳೆ. ಆ ಮಡಕೆಚೂರಿನಿಂದಲೇ ಅವರ ಸಂಸಾರ ನಮಗೆ ಗೊತ್ತಾಗುವುದು. ವರ ಕೇಳಿ ಎಂದರೆ, ಒಬ್ಬರ ಚಿತೆಯನ್ನು ಇನ್ನೊಬ್ಬರು ನೋಡುವಂತಾಗದಿರಲಿ, ಒಂದೇ ಗಳಿಗೆಗೆ ಹೋಗೋಣ ಎನ್ನುತ್ತಾರೆ. ಚಿಗುರು ಮುಖ ಮುಚ್ಚುವ ತನಕ ಮಾತಾಡುತ್ತ, ಒಬ್ಬರು ಓಕ್ ಮರ, ಇನ್ನೊಬ್ಬರು ಲಿಂಡನ್ ಮರ ಆಗುತ್ತಾರೆ. ಡಾಫ್ನೆಗೆ ಸಿಗದ ಆ ಮಾತಿನ ಬಿಡುವು ಇವರಿಗೆ ಸಿಕ್ಕಿತು.

ತಿದ್ದುವಾಗ ಇಟಲಿಯ ಶಿಲ್ಪಿ ಬರ್ನಿನಿ ಕೆತ್ತಿದ ಡಾಫ್ನೆಯ ಶಿಲ್ಪದ ಚಿತ್ರ ಎದುರಿಗೆ ಇಟ್ಟುಕೊಳ್ಳಬೇಡ. ಅಮೃತಶಿಲೆಯಲ್ಲಿ ಆ ಬೆರಳ ತುದಿಯ ಎಲೆಗಳನ್ನು ನೋಡಿದ ಮೇಲೆ ನಿನ್ನದೇ ಎಲೆ ಹುಟ್ಟುವುದು ಕಷ್ಟ. ಜೋಮಿನಿಂದ ಶುರುಮಾಡಿ ಬರೆದು ಕಳಿಸು.

ನಿನ್ನ ಅಕ್ಕ