ಹಕ್ಕಿ ಬಿಟ್ಟ ಮರುದಿನದ ಬಗ್ಗೆ ಅರಣ್ಯ ಸಚಿವರಿಗೊಂದು ಪತ್ರ

ಮಾನ್ಯ ಅರಣ್ಯ ಸಚಿವರೇ, ನಮಸ್ಕಾರ.

ಸಾಕಿ ಬೆಳೆಸಿದ ಹಕ್ಕಿಗಳನ್ನು ಅವು ಕಣ್ಮರೆಯಾದ ಜಾಗಕ್ಕೇ ಮತ್ತೆ ಬಿಡುವ ಕಡತ ನಿಮ್ಮ ಮೇಜಿಗೆ ಬಂದಾಗ ಒಂದು ವಿಷಯ ಹುಡುಕಿ ನೋಡಿ. ಪಂಜರದ ಬಾಗಿಲು ತೆರೆದ ಮರುದಿನದಿಂದ ಏನು ಮಾಡುತ್ತೇವೆ ಎಂದು ಅದರಲ್ಲಿ ಬರೆದಿದೆಯೇ?

ಯಾಕೆ ಕೇಳುತ್ತೇನೆ ಅಂದರೆ, ನಿಜವಾದ ಕೆಲಸ ಶುರುವಾಗುವುದೇ ಆಗ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 2001ರಿಂದ ವೂಪಿಂಗ್ ಕ್ರೇನ್ ಎಂಬ ಎತ್ತರದ ಬಿಳಿ ಹಕ್ಕಿಗಳನ್ನು ಬಿಡತೊಡಗಿದರು. ವಲಸೆಯ ದಾರಿ ಕಲಿಸಲು ಪುಟ್ಟ ವಿಮಾನವನ್ನೇ ಮುಂದೆ ಹಾರಿಸಿದರು! ಹಕ್ಕಿಗಳು ದಾರಿ ಕಲಿತವು, ಜೋಡಿಯಾದವು, ಮೊಟ್ಟೆಯನ್ನೂ ಇಟ್ಟವು. ಆಮೇಲೆ ಕಾವು ಬಿಟ್ಟು ಎದ್ದು ಹೋದವು. ವರ್ಷ ವರ್ಷವೂ ಇದೇ ಕಥೆ. ಸಾಕಿದ ಹಕ್ಕಿಗೆ ಕಾವು ಕೂರಲು ಬರಲ್ಲ ಎಂದು ಸುಮ್ನೆ ಕೈತೊಳೆದುಕೊಳ್ಳಬಹುದಿತ್ತು, ಅಲ್ವಾ? ಅವರಿಗೆ ರಕ್ತ ಹೀರುವ ಕಪ್ಪು ನೊಣಗಳ ಮೇಲೂ ಅನುಮಾನವಿತ್ತು. 2011 ಮತ್ತು 2012ರಲ್ಲಿ ನೊಣದ ಮರಿಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾವನ್ನು ಹೊಳೆಗೆ ಹಾಕಿ ನೋಡಿದರು. ನೊಣ ಕಡಿಮೆಯಾಯಿತು, ಗೂಡು ಬಿಟ್ಟು ಹೋಗುವುದೂ ಕಡಿಮೆಯಾಯಿತು. ಆ ನೊಣದ ಕಾಟ ಕಡಿಮೆ ಇರುವ ಕಡೆ ಹೊಸ ಹಕ್ಕಿಗಳನ್ನು ಬಿಡತೊಡಗಿದರು.

ಇದಕ್ಕೆ ಅಡಾಪ್ಟಿವ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಕಲಿಯುತ್ತಾ ತಿದ್ದಿಕೊಳ್ಳುವುದು, ಅಷ್ಟೇ. ಆದರೆ ಕತ್ತಲಲ್ಲಿ ತಡಕಾಡುವುದಲ್ಲ. ನಮ್ಮ ಊಹೆ ಏನು, ಅದು ತಪ್ಪೆಂದು ಹೇಗೆ ಗೊತ್ತಾಗುತ್ತದೆ, ತಪ್ಪಾದರೆ ಏನು ಬದಲಿಸುತ್ತೇವೆ ಎನ್ನುವುದನ್ನು ಮೊದಲೇ ಬರೆದಿಟ್ಟು ಅಳೆಯುವುದು.

ಒಳ್ಳೆಯ ಮನಸ್ಸಿನಿಂದ ಮಾಡಿದ್ದೂ ಎಡವಬಹುದು. ನ್ಯೂಜಿಲೆಂಡಿನಲ್ಲಿ ಹಾರಲಾರದ ಕಾಕಾಪೊ ಗಿಳಿಗಳನ್ನು ಸುರಕ್ಷಿತ ದ್ವೀಪಗಳಿಗೆ ಸಾಗಿಸಿ, ಹೆಚ್ಚುವರಿ ಆಹಾರ ಕೊಟ್ಟರು. ಹೆಣ್ಣುಗಳ ತೂಕ ಹೆಚ್ಚಿತು, ಗಂಡು ಮರಿಗಳೇ ಜಾಸ್ತಿ ಹುಟ್ಟಿದವು. ಪ್ರತಿ ಹಕ್ಕಿಯ ಲೆಕ್ಕ ಇಟ್ಟಿದ್ದರಿಂದ ಇದು ಗೊತ್ತಾಯಿತು. ಹೆಣ್ಣಿನ ತೂಕ ನೋಡಿ ಆಹಾರ ಕೊಡತೊಡಗಿದ ಮೇಲೆ ಸರಿಹೋಯಿತು.

ಹಾಗಾಗಿ ಮಂಜೂರಾತಿ ಆದೇಶದಲ್ಲೇ ಮೂರು ಮಾತು ಸೇರಿಸಿ. ನಿಗಾ ಇಡಲು ಹಲವು ವರ್ಷಗಳ ಹಣ ಮೊದಲೇ ಮೀಸಲಿರಲಿ. ಎಷ್ಟು ಹಕ್ಕಿ ಸತ್ತರೆ, ಎಷ್ಟು ಗೂಡು ಹಾಳಾದರೆ ಯೋಜನೆ ಬದಲಿಸಬೇಕು ಎಂಬುದು ಅಂಕಿಯಲ್ಲೇ ಇರಲಿ. ಆ ಅಂಕಿ ಮುಟ್ಟಿದ ದಿನ ಸ್ಥಳದಲ್ಲಿರುವ ತಂಡವೇ ಬದಲಾವಣೆ ಮಾಡಲಿ. ಹೊಸ ಕಡತ ಮೇಲಕ್ಕೆ ಹೋಗಿ ಕೆಳಗೆ ಬರುವಷ್ಟರಲ್ಲಿ ಮೊಟ್ಟೆಯಿಡುವ ಕಾಲವೇ ಮುಗಿದಿರುತ್ತದೆ.

ಬಿಡುಗಡೆಯ ದಿನ ಖಂಡಿತ ಬನ್ನಿ, ಫೋಟೊ ತೆಗೆಸಿಕೊಳ್ಳಿ. ಸಹಿ ಹಾಕುವ ಮುಂಚೆ ಮಾತ್ರ, ಐದನೇ ವರ್ಷದ ಖರ್ಚು ಯಾವ ಪುಟದಲ್ಲಿದೆ ಎಂದು ಅಧಿಕಾರಿಗಳನ್ನು ಕೇಳಿ.

ಇಂತಿ,
ಒಬ್ಬ ಪಕ್ಷಿವೀಕ್ಷಕ