ಹುಳ ಮಕ್ಕಳಿಗೆ ಮಾತ್ರವಲ್ಲ, ದೊಡ್ಡವರಿಗೂ ಮಲ ಪರೀಕ್ಷೆ ಬರೆಯಿರಿ

ಮಾನ್ಯ ಸಂಪಾದಕರೇ,

ನಾನು ಚಿಂತಾಮಣಿ ಕಡೆಯವನು, ಲ್ಯಾಬ್ ಟೆಕ್ನಿಷಿಯನ್. ಆಸ್ಪತ್ರೆಗೆ ಬರುವವರಲ್ಲಿ ಎಷ್ಟು ಜನರ ಹೊಟ್ಟೆಯಲ್ಲಿ ಹುಳ ಇರುತ್ತದೆ ಅಂತ ಯಾರಾದರೂ ಕೇಳಿದರೆ ಲ್ಯಾಬ್ ರಿಜಿಸ್ಟರ್ ತೆಗೆಯುತ್ತೇವೆ. ಅದರಲ್ಲಿ ಸಂಖ್ಯೆ ಕಡಿಮೆ ಕಾಣುತ್ತದೆ. ಆ ಲೆಕ್ಕವನ್ನು ನಂಬಬೇಡಿ. ಭೇದಿ ಅಂತ ಬಂದವರಿಗೇ ಹೆಚ್ಚಾಗಿ ಮಲ ಪರೀಕ್ಷೆ ಬರೆಯುತ್ತಾರೆ. ಕರುಳಲ್ಲಿ ರಕ್ತ ಕುಡಿಯುವ ಕೊಕ್ಕೆಹುಳ ಇರುವವರಿಗೆ ಎಷ್ಟೋ ಸಲ ಭೇದಿಯೇ ಇರುವುದಿಲ್ಲ. ಸುಸ್ತು, ಏದುಸಿರು, ಕಾಲು ಊತ ಅಂತ ಬರುತ್ತಾರೆ. ಅವರ ಹೆಸರು ಆ ರಿಜಿಸ್ಟರಿಗೆ ಸೇರುವುದೇ ಇಲ್ಲ.

ಹೋದ ಮಳೆಗಾಲದಲ್ಲಿ ಟೊಮೆಟೊ ತೋಟದಲ್ಲಿ ಕೂಲಿ ಮಾಡುವ ಅಮ್ಮ ಒಬ್ಬರು ಬಂದಿದ್ದರು. ಹಿಮೋಗ್ಲೋಬಿನ್ 6ರ ಹತ್ತಿರ. ಅದಕ್ಕೆ ಮುಂಚೆ ಬೇರೆ ಕಡೆ ರಕ್ತ ಹಾಕಿಸಿಕೊಂಡು, ಕಬ್ಬಿಣದ ಮಾತ್ರೆ ನುಂಗಿ, ಸ್ವಲ್ಪ ದಿನ ಚೆನ್ನಾಗಿದ್ದು ಮತ್ತೆ ಬಿದ್ದಿದ್ದರು. ಈ ಸಲ ನೋಡಿದ ಡಾಕ್ಟರಮ್ಮ ಮಲ ಪರೀಕ್ಷೆ ಬರೆದರು. ಬೆಂಕಿಪೊಟ್ಟಣದಲ್ಲಿ ತಂದುಕೊಟ್ಟರು, ನಮ್ಮ ಕಡೆ ಈಗಲೂ ಹಾಗೇ ತರುತ್ತಾರೆ. ಸ್ಲೈಡಿನ ಮೇಲೆ ಒಂದು ಹನಿ ಸಲೈನ್, ಪಕ್ಕದಲ್ಲಿ ಒಂದು ಹನಿ ಅಯೋಡಿನ್. ಕಡ್ಡಿ ತುದಿಯಷ್ಟು ಮಲ ಕಲೆಸಿ, ಕವರ್ ಸ್ಲಿಪ್ ಮುಚ್ಚಿ ನೋಡಿದೆ. ಗಾಜಿನಂಥ ತೆಳು ಸಿಪ್ಪೆ, ಒಳಗೆ ನಾಲ್ಕೈದು ಕೋಶ. ಕೊಕ್ಕೆಹುಳದ ಮೊಟ್ಟೆ, ಎಲ್ಲಿ ನೋಡಿದರೂ ಅದೇ. "ಹುಳ ಮಕ್ಕಳಿಗಲ್ವಾ ಸಾರ್ ಬರೋದು?" ಅಂದರು ಆ ಅಮ್ಮ.

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. 2015ರಿಂದ ದೇಶದಲ್ಲಿ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಫೆಬ್ರವರಿ 10, ಆಗಸ್ಟ್ 10 ಬಂದರೆ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಎಂಬ ಹುಳದ ಮಾತ್ರೆ ಕೊಡುತ್ತಾರೆ. ಬಹಳ ಒಳ್ಳೆಯ ಕೆಲಸ. ಆದರೆ ಅದು 1ರಿಂದ 19 ವರ್ಷದವರಿಗೆ. ಬರಿಗಾಲಲ್ಲಿ ಹಿಪ್ಪುನೇರಳೆ ತೋಟಕ್ಕೆ, ತರಕಾರಿ ಹೊಲಕ್ಕೆ ಇಳಿಯುವುದು ಅವರ ಅಪ್ಪ ಅಮ್ಮ. ಕೊಕ್ಕೆಹುಳದ ಮರಿ ಒಳಗೆ ಹೋಗುವುದು ಹೆಚ್ಚಾಗಿ ಪಾದದ ಚರ್ಮದಿಂದ. ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಕುಡಿಯುತ್ತದೆ. ಹುಳ ಬಿಟ್ಟು ರಕ್ತ ಮಾತ್ರ ಹಾಕಿ ಕಳಿಸಿದರೆ ಅದನ್ನೂ ಕುಡಿಯುತ್ತದೆ.

ಸುಮ್ನೆ ಎಲ್ಲರಿಗೂ ಒಂದು ಹುಳದ ಮಾತ್ರೆ ಕೊಟ್ಟರಾಯಿತು, ಪರೀಕ್ಷೆ ಯಾಕೆ ಅನ್ನುವವರಿದ್ದಾರೆ. ಭೇದಿ ತರುವ ಅಮೀಬಾ, ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿಗಳು ಒಂದು ಅಲ್ಬೆಂಡಜೋಲಿಗೆ ಹೋಗುವುದಿಲ್ಲ, ಅವಕ್ಕೆ ಬೇರೆ ಔಷಧಿ ಬೇಕು. ಎಲ್ಲಕ್ಕಿಂತ ಭಯ ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳದ್ದು. ತೊಂದರೆ ಕೊಡದೆ ಹತ್ತಾರು ವರ್ಷ ಒಳಗೇ ಮರಿ ಮಾಡಿಕೊಂಡು ಇರುತ್ತದೆ. ಉಬ್ಬಸಕ್ಕೋ ಕೀಲುನೋವಿಗೋ ಸ್ಟೀರಾಯ್ಡ್ ಶುರುವಾದಾಗ ಮೈಯೆಲ್ಲ ಹರಡಿ ಪ್ರಾಣಕ್ಕೇ ಕುತ್ತು ತರಬಹುದು. ಇದಕ್ಕೆ ಐವರ್‌ಮೆಕ್ಟಿನ್ ಎಂಬ ಬೇರೆ ಮಾತ್ರೆ ಬೇಕು. ಯಾವ ಹುಳ ಅಂತ ಗೊತ್ತಾಗದೆ ಯಾವ ಮಾತ್ರೆ ಕೊಡುವುದು?

ಸುಳಿವು ಎಷ್ಟೋ ಸಲ ಕೈಯಲ್ಲೇ ಇರುತ್ತದೆ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಇಯೊಸಿನೋಫಿಲ್ ಅಂತ ಒಂದು ಸಾಲು ಬರುತ್ತದೆ, ಅದು ಒಂದು ಬಗೆಯ ಬಿಳಿ ರಕ್ತಕಣದ ಲೆಕ್ಕ. ಕೊಕ್ಕೆಹುಳ, ಸ್ಟ್ರಾಂಗಿಲಾಯ್ಡಿಸ್ ಇದ್ದಾಗ ಅದು ಜಾಸ್ತಿ ಇರುವುದು ಸಾಮಾನ್ಯ. ಅಲರ್ಜಿ ಇರಬೇಕು ಅಂದುಕೊಂಡು ಆ ಸಾಲನ್ನು ದಾಟಿಬಿಡುತ್ತಾರೆ. ನನಗೆ ಬೇಸರವಾಗುವುದು ಇಲ್ಲೇ.

ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕಳಿಸುವ ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳ ನೀರು ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳ ಕೆರೆಗೆ ಬರುತ್ತಿದೆ. ಮೂರನೇ ಹಂತದ ಶುದ್ಧೀಕರಣ ಆಗಲಿ ಅಂತ ಜನ ಕೇಳುತ್ತಲೇ ಇದ್ದಾರೆ. ನೀರಾವರಿಗೆ ಬಿಡುವ ಕೊಳಚೆ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಜಾಸ್ತಿ ಹುಳದ ಮೊಟ್ಟೆ ಇರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಈ ನೀರಿನಿಂದ ಹುಳ ಬರುತ್ತದಾ ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ನೀರಿನ ಪರೀಕ್ಷೆಯ ಜೊತೆಗೆ ಆಸ್ಪತ್ರೆಯ ಸರಿಯಾದ ಲೆಕ್ಕವೂ ಬೇಕಲ್ವಾ?

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಆರೋಗ್ಯಾಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟು. ರಕ್ತ ಕಡಿಮೆ ಅಂತ ಅಡ್ಮಿಟ್ ಆದ ಪ್ರತಿಯೊಬ್ಬರಿಗೂ, ತುಂಬಾ ದಿನದ ಸ್ಟೀರಾಯ್ಡ್ ಶುರು ಮಾಡುವ ಮುಂಚೆಯೂ ಮಲ ಪರೀಕ್ಷೆ ಆಗಲಿ. ಒಂದೇ ಸಲ ನೋಡಿದರೆ ತಪ್ಪಿಹೋಗುತ್ತದೆ, ಮೂರು ಬೇರೆ ಬೇರೆ ದಿನದ್ದು ನೋಡಬೇಕು. ವಾರ್ಡಿನಲ್ಲೇ ಇರುವವರಿಂದ ಅದನ್ನು ತರಿಸುವುದು ಕಷ್ಟವಲ್ಲ. ಮುಚ್ಚಳವಿರುವ ಡಬ್ಬಿ ಕೊಡಿ. ತೆಳುವಾಗಿ ಹೋಗಿದ್ದರೆ ಅರ್ಧ ಗಂಟೆಯೊಳಗೆ ಲ್ಯಾಬಿಗೆ ಕಳಿಸಿ, ತಡವಾದರೆ ಅಮೀಬಾ ಸತ್ತು ಗುರುತು ಸಿಗುವುದಿಲ್ಲ. ಎಷ್ಟು ಜನರನ್ನು ನೋಡಿದೆವು, ಎಷ್ಟು ಜನರಲ್ಲಿ ಯಾವ ಹುಳ ಸಿಕ್ಕಿತು ಅನ್ನುವುದನ್ನು ತಾಲ್ಲೂಕುವಾರು ಪ್ರತಿ ತಿಂಗಳು ಪ್ರಕಟಿಸಿ.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ