ಸಿರಿಂಜಿನ ಕ್ಯಾಪ್ ಕೆಂಪೋ ಕಿತ್ತಳೆಯೋ, ಅದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಚುಚ್ಚದೆ ಶುಗರ್ ಹೇಳುವ ವಾಚು, ಉಂಗುರಗಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಸಂಶೋಧನೆ ನಡೆಯುತ್ತಿರುವುದು ನಿಜ. ಆದರೆ ಹಾಗೆ ತಾನೇ ಅಳೆಯುವ ಒಂದು ವಾಚಿಗೂ ಒಪ್ಪಿಗೆ ಕೊಟ್ಟಿಲ್ಲ, ನಂಬಿ ಕೊಳ್ಳಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತ್ತು. ಆ ಮಾತಿಗೆ ಅಷ್ಟು ಜಾಗ ಸಿಗಲಿಲ್ಲ, ಇರಲಿ.

ನಾನು ಹೇಳಹೊರಟಿದ್ದು ಅದಕ್ಕಿಂತ ಸಣ್ಣ ವಿಷಯ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್‌ನದು, ಪೆನ್ನಿನಂಥ ಚುಚ್ಚುವ ಸಾಧನದಲ್ಲಿ ಬರುವುದು ಸಾಮಾನ್ಯವಾಗಿ 100ರದು. ಸಿರಿಂಜ್ ಕೂಡ ಎರಡು ಥರ, ಅದರ ಮೇಲಿನ ಯೂನಿಟ್ ಗೆರೆಗಳು ಆಯಾ ಇನ್ಸುಲಿನ್‌ಗೆ ತಕ್ಕಂತೆ ಇರುತ್ತವೆ. 40ರದಕ್ಕೆ ಕೆಂಪು ಕ್ಯಾಪ್, 100ರದಕ್ಕೆ ಕಿತ್ತಳೆ. ವಯಸ್ಸಾದವರ ಕಣ್ಣಿಗೆ ಕೆಂಪೂ ಒಂದೇ, ಕಿತ್ತಳೆಯೂ ಒಂದೇ, ಅಲ್ವಾ?

ನಮ್ಮ ಅತ್ತೆಯದು 40ರ ಬಾಟಲಿ. ಮೆಡಿಕಲ್ ಶಾಪಿನವರು ಒಮ್ಮೆ ಕಿತ್ತಳೆ ಕ್ಯಾಪಿನ ಸಿರಿಂಜ್ ಕೊಟ್ಟು ಕಳಿಸಿದರು. ಅದರಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು ಬರೀ 8 ಯೂನಿಟ್. ಶುಗರ್ ಮುನ್ನೂರು ದಾಟಿತು, ಮನೆಯವರೆಲ್ಲ ಗೂಬೆ ಕೂರಿಸಿದ್ದು ಅವರು ತಿಂದ ಬಾಳೆಹಣ್ಣಿನ ಮೇಲೆ. ಕೊನೆಗೆ ನರ್ಸ್ ಒಬ್ಬರು ಚೀಲದಿಂದ ಸಿರಿಂಜ್ ತೆಗೆಸಿ ನೋಡಿದ ಮೇಲೆ ವಿಷಯ ಗೊತ್ತಾಯಿತು. ಇದು ಉಲ್ಟಾ ಆದರೆ ಇನ್ನೂ ಅಪಾಯ. ಪೆನ್ ಕೆಟ್ಟಿತು ಅಂತ ಅದರೊಳಗಿನ ಇನ್ಸುಲಿನ್ ಕೊಳವೆಯಿಂದ (ಕಾರ್ಟ್ರಿಡ್ಜ್) ಕೆಂಪು ಕ್ಯಾಪಿನ ಸಿರಿಂಜಿಗೆ 20ರವರೆಗೆ ಎಳೆದುಕೊಂಡರೆ ಅದು 20 ಅಲ್ಲ, 50 ಯೂನಿಟ್! ಶುಗರ್ ಒಮ್ಮೆಲೇ ಇಳಿದು ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಕುತ್ತು ಬರಬಹುದು.

ಬ್ರಿಟನ್ 1983ರಲ್ಲೇ ಎಲ್ಲವನ್ನೂ 100ಕ್ಕೆ ತಂದು ಈ ಗೊಂದಲ ಮುಗಿಸಿಕೊಂಡಿತು. ನಮ್ಮಲ್ಲಿ 40ಕ್ಕೇ ಕೈ ಪಳಗಿದವರು ಲಕ್ಷಗಟ್ಟಲೆ ಇರುವುದರಿಂದ ರಾತ್ರೋರಾತ್ರಿ ಬದಲಾಯಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಸಿರಿಂಜ್ ಕೊಡುವಾಗ 'ಬಾಟಲಿ ಎಷ್ಟರದು' ಅಂತ ಕೇಳಬೇಕು ಎಂದು ಅಂಗಡಿಗಳಿಗೆ ಸೂಚನೆ ಕೊಡಲು ಸರ್ಕಾರಕ್ಕೆ ಏನು ಕಷ್ಟ?

ನೀವೂ ಒಂದು ಉಪಕಾರ ಮಾಡಿ. ಎರಡೂ ಸಿರಿಂಜುಗಳ ಫೋಟೊ ಅಕ್ಕಪಕ್ಕ ಹಾಕಿ, ಯಾವುದು ಯಾವ ಬಾಟಲಿಗೆ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಕಲರ್ ಪುಟದಲ್ಲೇ ಹಾಕಿ ಮತ್ತೆ, ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

– ಓದುಗರೊಬ್ಬರು, ಹಾಸನ